ಫ್ಲೈಟ್‌ಗೇರ್: ಟೇಕಾಫ್ ಹೊತ್ತಿಗೆ ವಿಮಾನ ಎಡಕ್ಕೆ ಎಳೆಯುವುದೇಕೆ?

ಪ್ರಶ್ನೆ: ಉಚಿತ ಸಿಮ್ಯುಲೇಟರ್ ಫ್ಲೈಟ್‌ಗೇರ್‌ನಲ್ಲಿ ಸೆಸ್ನಾ 172ಪಿ ಎಂಬ ಪುಟ್ಟ ವಿಮಾನ ಫುಲ್ ಥ್ರಾಟಲ್ (ಎಂಜಿನಿನ ಪೂರ್ತಿ ಶಕ್ತಿ) ಕೊಟ್ಟ ಕೂಡಲೇ ಎಡಕ್ಕೆ ತಿರುಗಿ ಹುಲ್ಲಿಗೆ ಇಳಿಯುತ್ತದೆ. ಇರುವುದು ಕೀಬೋರ್ಡ್ ಮಾತ್ರ. ಗೇಮಿನದೇ ದೋಷವಾ?

ಉತ್ತರ 1: ದೋಷವಲ್ಲ, ನಿಜವಾದ ಸೆಸ್ನಾ ಕೂಡ ಹೀಗೇ ಎಳೆಯುತ್ತದೆ. ಪೈಲಟ್ ಸೀಟಿನಿಂದ ನೋಡಿದರೆ ಪ್ರೊಪೆಲರ್ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಅದು ಹಿಂದಕ್ಕೆ ತಳ್ಳುವ ಗಾಳಿ ಸುರುಳಿಯಾಗಿ ಬಂದು ಬಾಲದ ಎಡಬದಿಗೆ ಬಡಿಯುತ್ತದೆ, ಮೂತಿ ಎಡಕ್ಕೆ ಹೊರಳುತ್ತದೆ. ಥ್ರಾಟಲ್ ಒಮ್ಮೆಲೇ ಏರಿಸಬೇಡಿ, ಮೂರ್ನಾಲ್ಕು ಸೆಕೆಂಡು ತೆಗೆದುಕೊಳ್ಳಿ. ಜೊತೆಗೇ ನಮ್‌ಪ್ಯಾಡಿನ (ಕೀಬೋರ್ಡಿನ ಬಲಬದಿಯ ಅಂಕಿ ಕೀಲಿಗಳ ಗುಂಪು) ಎಂಟರ್ ತಟ್ಟುತ್ತಾ ಬಲ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ, ಬಾಲದಲ್ಲಿರುವ ಪಟ್ಟಿ) ಕೊಡಿ. ಒತ್ತಿ ಹಿಡಿದರೆ ಬಲಕ್ಕೆ ಹೋಗಿ ಆಮೇಲೆ ಹಾವಿನ ನಡಿಗೆ ಶುರು! ಹೆಚ್ಚಾದರೆ ನಮ್‌ಪ್ಯಾಡಿನದೇ 0 ಒತ್ತಿ ಎಡಕ್ಕೆ ತನ್ನಿ. ವೇಗ ಸುಮಾರು 55 ನಾಟ್ (ಗಂಟೆಗೆ ಸುಮಾರು 100 ಕಿ.ಮೀ.) ಬಂದಾಗ ಮೂತಿ ಎತ್ತಿ.

ಉತ್ತರ 2: ಕೀಬೋರ್ಡ್ ಮಾತ್ರ ಇದ್ದರೆ ಆಟೋ ಕೋಆರ್ಡಿನೇಶನ್ ಆನ್ ಮಾಡಿ, ಏಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯಲ್ಲಿರುವ ಪಟ್ಟಿ) ಜೊತೆ ರಡ್ಡರೂ ತಾನೇ ಚಲಿಸುತ್ತದೆ. ಅಡ್ಡಗಾಳಿಯಲ್ಲಿ ಇಳಿಸುವಾಗ ಮಾತ್ರ ಆಫ್ ಮಾಡಿ, ಅಲ್ಲಿ ಎರಡನ್ನೂ ವಿರುದ್ಧ ದಿಕ್ಕಿಗೆ ಹಾಕಬೇಕಾಗುತ್ತದೆ.

ಉತ್ತರ 3: ಹವಾಮಾನವನ್ನೂ ನೋಡಿ. ಎಡದಿಂದ ಗಾಳಿ ಬೀಸುತ್ತಿದ್ದರೆ ಎಳೆತ ಇನ್ನೂ ಜಾಸ್ತಿ. ಕಲಿಯುವಾಗ ಗಾಳಿ ಸೊನ್ನೆಗಿಟ್ಟುಕೊಳ್ಳುವುದೇ ವಾಸಿ.