1–3 ವರ್ಷದ ಮಕ್ಕಳ ಪೋಷಕರಿಗೆ ತರಗತಿ: ಕೇಳಿ ತಲೆಯಾಡಿಸ್ತಾರೆ, ಮನೇಲಿ ಮಾಡಲ್ಲ

ಪ್ರಶ್ನೆ: ವಾರಕ್ಕೊಂದು ತರಗತಿ, ಒಂದು ಗಂಟೆ. ಯಾವ ವಯಸ್ಸಿಗೆ ಏನು ನಿರೀಕ್ಷಿಸಬೇಕು ಅಂತ ಪಟ್ಟಿ ಕೊಡ್ತೀವಿ. ಮರುವಾರ ಮತ್ತದೇ ದೂರು: "ಎರಡು ವರ್ಷ ತುಂಬಿತು, ಆಟಿಕೆ ಯಾರಿಗೂ ಕೊಡಲ್ಲ, ಬಟ್ಟೆ ಹಾಕೋಕೆ ಬಿಡಲ್ಲ." ತರಗತಿಯನ್ನ ಹೇಗೆ ಬದಲಿಸೋದು?

ಉತ್ತರ 1: ಪಟ್ಟಿ ಬದಿಗಿಡಿ. ಒಂದು ತರಗತಿಗೆ ಒಂದೇ ಕೌಶಲ. ಹತ್ತು ನಿಮಿಷ ನೀವು ಮಾಡಿ ತೋರಿಸಿ, ಆಮೇಲೆ ಪೋಷಕರು ತಮ್ಮ ಮಗುವಿನ ಜೊತೆಗೇ ಅಲ್ಲೇ ಮಾಡಲಿ. ದೊಡ್ಡವರೊಬ್ಬರನ್ನ ಮಗುವಿನ ಪಾತ್ರಕ್ಕೆ ಕೂರಿಸಿದ್ರೆ ಸಾಲದು. ಅವರು ಬೇಗ ಮಾತು ಕೇಳಿಬಿಡ್ತಾರೆ!

ಎರಡೂವರೆ ವರ್ಷದವರಿಗೆ ಕಾಲುಚೀಲ ಒಳ್ಳೇ ಪಾಠ. ಅಮ್ಮ ಅದನ್ನ ಹಿಮ್ಮಡಿ ದಾಟಿಸಿ ನಿಲ್ಲಿಸಲಿ, ಮೇಲಕ್ಕೆಳೆಯೋದು ಮಾತ್ರ ಮಗು. ಅದು ಸಲೀಸಾದ ಮೇಲೆ ಹಿಮ್ಮಡಿಯ ಕೆಳಗೇ ಬಿಡಲಿ, ಆಮೇಲೆ ಬೆರಳ ತುದಿಯಲ್ಲಿ. ಹೀಗೆ ಕೊನೆಯಿಂದ ಹಿಂದಕ್ಕೆ ಕಲಿಸಿದ್ರೆ ಪ್ರತಿ ಸಲವೂ ಕೆಲಸ ಮುಗಿಸೋದು ಮಗುವೇ. ಕೆಡೋದು ಒಂದೇ ಕಡೆ: ಹಿಮ್ಮಡಿಗೆ ಸಿಕ್ಕಿಕೊಂಡ ತಕ್ಷಣ ದೊಡ್ಡವರ ಕೈ ಮುಂದೆ ಬರುತ್ತೆ. ಮನಸ್ಸಲ್ಲೇ ಹತ್ತರವರೆಗೆ ಎಣಿಸೋಕೆ ಹೇಳಿ. ಬಿಗಿ ಚೀಲ ಬೇಡ, ಸಡಿಲವಾದದ್ದೇ ಇರಲಿ.

ಉತ್ತರ 2: ಆಟಿಕೆ ಹಂಚಿಕೊಳ್ಳೋದನ್ನ ಎರಡು ವರ್ಷಕ್ಕೆ ನಿರೀಕ್ಷಿಸೋದೇ ಅವಸರ. ಆ ವಯಸ್ಸಲ್ಲಿ ಹೆಚ್ಚಾಗಿ ಪಕ್ಕಪಕ್ಕದಲ್ಲಿ ಆಡ್ತವೆ, ಜೊತೆಗೂಡಿ ಆಡೋದು ಕಡಿಮೆ. ಕಿತ್ತು ಇನ್ನೊಬ್ಬರಿಗೆ ಕೊಡಿಸಿದ್ರೆ ಮಗು ನೋಡಿ ಕಲಿಯೋದು ಕಿತ್ಕೊಳ್ಳೋದನ್ನ. ಒಂದೇ ಥರದ ಎರಡೆರಡು ಆಟಿಕೆ ಇಡಿ. ಸರದಿ ಕಲಿಸೋಕೆ ಚೆಂಡು ಸಾಕು: ಎದುರುಬದುರು ಕೂತು "ಈಗ ನಿಂದು, ಈಗ ನಂದು" ಅಂತ ಉರುಳಿಸೋದು.

ಬಟ್ಟೆ ವಿಷಯ: "ಹಾಕ್ಕೋತೀಯಾ?" ಅಂತ ಕೇಳಿದ್ರೆ "ಬೇಡ" ಅನ್ನುತ್ತೆ, ಸಹಜ. "ಕೆಂಪು ಅಂಗಿನಾ, ನೀಲಿನಾ?" ಅಂತ ಕೇಳಲಿ. ಎರಡೇ ಆಯ್ಕೆ, ಮೂರನೆಯದು ಬಂದ್ರೆ ಗೊಂದಲ.

ಪ್ರಶ್ನೆ ಕೇಳಿದವರು: ಮಕ್ಕಳನ್ನೂ ಕರೆಸಿದ್ರೆ ಗಲಾಟೆ ಆಗಲ್ವಾ?

ಉತ್ತರ 1: ಆಗುತ್ತೆ, ಆಗಲಿ. ಮನೇಲೂ ಗಲಾಟೆ ನಡುವೆಯೇ ಮಾಡ್ಬೇಕಲ್ವಾ? ಐದಾರು ಕುಟುಂಬಕ್ಕಿಂತ ಹೆಚ್ಚು ಬೇಡ, ನಿದ್ದೆ-ಹಸಿವಿನ ಹೊತ್ತು ತಪ್ಪಿಸಿ. ತಿದ್ದೋ ಮೊದಲು ಸರಿ ಮಾಡಿದ್ದನ್ನ ಬಿಡಿಸಿ ಹೇಳಿ: "ಸಿಕ್ಕಿಕೊಂಡಾಗ ಕೈ ಹಾಕದೆ ಕಾದ್ರಲ್ಲ, ಅದೇ ಬೇಕಿದ್ದು." ಬರೀ "ಚೆನ್ನಾಗಿತ್ತು" ಅಂದ್ರೆ ಮನೇಲಿ ಏನು ಮಾಡ್ಬೇಕು ಅಂತ ಗೊತ್ತಾಗಲ್ಲ.

ಉತ್ತರ 3: ಒಂದು ಎಚ್ಚರಿಕೆ. "ಅವರವರ ಹೊತ್ತಿಗೆ ಕಲೀತಾರೆ" ಅಂತ ಎಲ್ಲದಕ್ಕೂ ಸಮಾಧಾನ ಹೇಳಬೇಡಿ. ಎರಡು ವರ್ಷ ತುಂಬಿದ್ರೂ "ಅಮ್ಮ ಬಾ" ಅನ್ನೋ ಹಾಗೆ ಎರಡು ಪದ ಜೋಡಿಸದಿದ್ರೆ, ಅಥವಾ ಮೊದಲು ಆಡ್ತಿದ್ದ ಮಾತು ನಿಂತುಹೋದ್ರೆ ಮಕ್ಕಳ ವೈದ್ಯರ ಹತ್ರ ಕಳಿಸಿ, ಕಿವಿ ಪರೀಕ್ಷೆಯೂ ಆಗಲಿ.