ಅಜ್ಜನ ತಾಯಿಯ ತವರೂರನ್ನು ಹುಡುಕುವ ಬಗೆ ಹೇಗೆ?

ಬೆಣ್ಣಿಹಳ್ಳ (ಪ್ರಶ್ನೆ):
ಮಾನ್ಯರೇ, ನಮ್ಮ ಮನೆತನ ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನದು. ಹೊಲದ ವಾರಸಾ ಕೆಲಸಕ್ಕಾಗಿ ವಂಶವೃಕ್ಷ ಬರೆಸುವಾಗ ತಂದೆಯ ಕಡೆಯ ಗಂಡಸರ ಹೆಸರುಗಳು ಐದು ತಲೆಮಾರಿನವರೆಗೆ ದೊರೆತವು. ಆದರೆ ಅಜ್ಜನ ತಾಯಿ ಯಾವ ಊರಿನ ಮಗಳೆಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರೂ ಉಳಿದಿಲ್ಲ. 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಮುತ್ತಜ್ಜ ತೀರಿಕೊಂಡ ಮೇಲೆ, ಹಿರಿಯ ಮಗನಾದ ನಮ್ಮ ಅಜ್ಜನನ್ನೂ ಅವರ ತಮ್ಮನನ್ನೂ ಕಟ್ಟಿಕೊಂಡು ಹೊಲಮನೆ ಉಳಿಸಿದವರು ಈ ಮುತ್ತಜ್ಜಿಯೇ ಎಂದು ಕೇಳಿದ್ದೇನೆ. ಇಡೀ ಮನೆತನ ಅವರ ದುಡಿಮೆಯ ಮೇಲೆ ನಿಂತಿರುವಾಗ ವಂಶವೃಕ್ಷದಲ್ಲಿ ಅವರಿಗೆ ಒಂದು ಸಾಲೂ ಇಲ್ಲದಿರುವುದು ನನ್ನ ಮನಸ್ಸನ್ನು ಬಹಳ ಕಾಡುತ್ತಿದೆ. ಎಲ್ಲಿಂದ ಹುಡುಕಲು ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ಹಳೆಯ ದಫ್ತರ:
ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಧಾರವಾಡ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1903ರ ಕಾನೂನಿನಿಂದ ಹಕ್ಕುಪತ್ರಕದ (ಹೊಲದ ಹಕ್ಕು ಯಾರದೆಂದು ಬರೆದಿಡುವ ದಾಖಲೆಯ) ಪದ್ಧತಿ ಬಂದಿದ್ದರಿಂದ, ನಿಮ್ಮ ಮುತ್ತಜ್ಜ ತೀರಿಕೊಂಡಾಗ ಹೊಲದ ವಾರಸಾ ಡೈರಿ, ಅಂದರೆ ಹೊಲ ವಾರಸುದಾರರ ಹೆಸರಿಗೆ ಬದಲಾದುದರ ನಮೂದು, ಆಗಿರಬೇಕು. ತಹಸೀಲ್ದಾರ್ ಕಚೇರಿಯ ದಾಖಲೆ ಕೋಣೆಯಲ್ಲಿ ಸರ್ವೆ ನಂಬರ್ ಕೊಟ್ಟು, ಈಗಿನ ಪಹಣಿಯಿಂದ ಒಂದೊಂದೇ ಡೈರಿ ನಂಬರ್ ಹಿಡಿದು ಹಿಂದಕ್ಕೆ ಹೋಗಿರಿ. ಅಂದಾಜಿನ ಮೇಲೆ ನೇರವಾಗಿ 1918ರ ಪುಸ್ತಕ ಕೇಳಿದರೆ ಸಿಗುವುದು ಕಷ್ಟ. ಮಕ್ಕಳು ಅಪ್ರಾಪ್ತರಾಗಿದ್ದಾಗ ಅವರ ಹೆಸರಿನ ಜೊತೆಗೆ ಪಾಲನೆ ಮಾಡುವವರ ಹೆಸರನ್ನೂ ಬರೆಯುತ್ತಿದ್ದರು. ಅಲ್ಲಿ ತಾಯಿಯ ಹೆಸರು ಸಿಕ್ಕೀತು. ಒಂದು ವೇಳೆ ಸೋದರಮಾವನ ಹೆಸರಿದ್ದರೆ ಅವನ ಊರೇ ನೀವು ಹುಡುಕುತ್ತಿರುವ ಊರು.

ಒಂದು ಎಚ್ಚರಿಕೆಯ ಮಾತು. ನಮ್ಮ ಕಡೆ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವುದರಿಂದ, ಒಂದೇ ಹೆಸರಿನ ಇಬ್ಬರನ್ನು ಒಬ್ಬನೆಂದು ತಿಳಿದು ನಡುವಿನ ಎರಡು ತಲೆಮಾರನ್ನೇ ಹಾರಿಸಿ ಬರೆದ ವಂಶವೃಕ್ಷಗಳನ್ನು ನಾನು ಕಂಡಿದ್ದೇನೆ. ಆದ್ದರಿಂದ ಹೆಸರಿನ ಜೊತೆಗೆ ತಂದೆಯ ಹೆಸರನ್ನೂ ಸರ್ವೆ ನಂಬರನ್ನೂ ಪ್ರತಿ ಸಲ ತಾಳೆ ನೋಡಲೇಬೇಕು.

ಸುಗ್ಗಿಕಾಲ:
ಕಾಗದಕ್ಕಿಂತ ಮೊದಲು ಹೆಳವರನ್ನು ವಿಚಾರಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಒಕ್ಕಲು ಮನೆತನಗಳ ಬೆಡಗು (ಗೋತ್ರದಂಥ ಒಳಗುಂಪು), ಮನೆದೇವರು, ಮೂಲ ಊರು ಮತ್ತು ತಲೆಮಾರುಗಳನ್ನು ಬಾಯಿಪಾಠವಾಗಿಯೂ ಪುಸ್ತಕದಲ್ಲಿಯೂ ಕಾಪಾಡಿಕೊಂಡು ಬಂದವರು ಅವರು. ಹಿಂದೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಊರಿಗೆ ಬರುತ್ತಿದ್ದರು; ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರು ಬರೆದುಕೊಂಡು, ಕಾಳು, ಬಟ್ಟೆ ಪಡೆದು ಹೋಗುತ್ತಿದ್ದರು. ಊರೂರುಗಳು ಅವರವರ ಮನೆತನಗಳಲ್ಲಿ ಹಂಚಿಕೆಯಾಗಿರುತ್ತವೆ. ಆದ್ದರಿಂದ ಯಾರೋ ಒಬ್ಬ ಹೆಳವರನ್ನು ಕೇಳಿ ಪ್ರಯೋಜನವಿಲ್ಲ. ನಿಮ್ಮ ಊರಿಗೆ ಬರುವವರು ಯಾರೆಂಬುದನ್ನು ಊರಿನ ಹಿರಿಯರಿಂದ ತಿಳಿದುಕೊಳ್ಳಬೇಕು.

ನಿಮ್ಮ ಪ್ರಶ್ನೆ ಹೆಣ್ಣುಮಗಳ ಬಗ್ಗೆ ಆಗಿರುವುದರಿಂದ ಇಲ್ಲಿ ಒಂದು ತೊಡಕಿದೆ. ಹೆಳವರು ಹೇಳುವುದು ಮುಖ್ಯವಾಗಿ ಗಂಡುಮಕ್ಕಳ ಸಾಲನ್ನು. ಹೆಣ್ಣು ತಂದ ಊರು ಅದರಲ್ಲಿ ಬಂದರೆ ಅದು ನಿಮ್ಮ ಪುಣ್ಯ. ಬಾರದಿದ್ದರೂ ಬೆಡಗನ್ನು ಗುರುತು ಹಾಕಿಕೊಳ್ಳಿರಿ. ಒಂದೇ ಬೆಡಗಿನಲ್ಲಿ ಸಂಬಂಧ ಮಾಡುತ್ತಿರಲಿಲ್ಲವಾದ್ದರಿಂದ, ಮುಂದೆ ಯಾವುದಾದರೂ ಮನೆತನದ ಮೇಲೆ ಅನುಮಾನ ಬಂದಾಗ ಒಪ್ಪುವುದೋ ಬಿಡುವುದೋ ಎಂದು ತೀರ್ಮಾನಿಸಲು ಅದು ನೆರವಾಗುತ್ತದೆ.

ಎರೆಭೂಮಿ:
ಮೇಲಿನ ಇಬ್ಬರ ಮಾತೂ ಸರಿಯಾಗಿದೆ. ಆದರೆ ಅಜ್ಜ ಹಿರಿಯ ಮಗ ಎಂದು ನೀವು ಬರೆದಿರುವುದರಲ್ಲೇ ಒಂದು ದಾರಿ ಇದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ರೂಢಿ. ಹಾಗಾಗಿ ಅವರ ಹುಟ್ಟು ನಿಮ್ಮ ಊರಿನ ಪುಸ್ತಕದಲ್ಲಿ ಸಿಗದೆ ಮುತ್ತಜ್ಜಿಯ ಊರಿನ ಪುಸ್ತಕದಲ್ಲಿ ದಾಖಲಾಗಿರುವ ಸಾಧ್ಯತೆಯೇ ಹೆಚ್ಚು. ಅಜ್ಜ ಶಾಲೆಗೆ ಹೋಗಿದ್ದರೆ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ಊರು ಬರೆದಿದೆಯೇ ಎಂದು ಮೊದಲು ನೋಡಿರಿ. ಅಲ್ಲಿನ ಹುಟ್ಟಿದ ದಿನಾಂಕವನ್ನು ಮಾತ್ರ ನಂಬಿ ಕೂರಬೇಡಿರಿ, ಗುರುಗಳು ಅಂದಾಜಿನಿಂದ ಜೂನ್ 1 ಎಂದು ಬರೆದದ್ದು ಎಷ್ಟೋ ಇದೆ. ಊರು ಸಿಕ್ಕ ಮೇಲೆ ಆ ಊರಿನ ಜನನ ಪುಸ್ತಕ ನೋಡುವಾಗ ಅಜ್ಜನ ಹೆಸರನ್ನು ಹುಡುಕದೆ ಮುತ್ತಜ್ಜನ ಹೆಸರನ್ನು ಹುಡುಕಿರಿ, ಏಕೆಂದರೆ ನಾಮಕರಣಕ್ಕೆ ಮೊದಲೇ ಬರೆಸಿದ ಹುಟ್ಟಿನಲ್ಲಿ ಅನೇಕ ವೇಳೆ ಮಗುವಿನ ಹೆಸರೇ ಇರುವುದಿಲ್ಲ.

ಇನ್ನೊಂದು ಮಾತು ಕೇಳಬೇಕು: ನಿಮ್ಮ ಅಜ್ಜಿಯ ತವರು ಯಾವುದು? ಸೋದರಮಾವನ ಮಗಳನ್ನು ತರುವುದು ಆಗ ಸಾಮಾನ್ಯವಾಗಿತ್ತು. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳು ಮಗನಿಗೆ ತನ್ನ ಅಣ್ಣತಮ್ಮಂದಿರ ಮನೆಯ ಹೆಣ್ಣನ್ನೇ ತರಲು ಬಯಸಿದ್ದರೆ ಆಶ್ಚರ್ಯವಿಲ್ಲ.

ಬೆಣ್ಣಿಹಳ್ಳ:
ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಅಜ್ಜಿಯ ತವರು ರೋಣ ತಾಲ್ಲೂಕಿನಲ್ಲಿದೆ. ಅವರದು ಸೋದರಿಕೆಯ ಸಂಬಂಧವೇ ಎಂದು ಸೋದರತ್ತೆಯವರನ್ನು ಕೇಳಿದಾಗ, ಅಜ್ಜಿ ತನ್ನ ಅತ್ತೆಯನ್ನು ಸದಾ ‘ಅತ್ತಿ’ ಎನ್ನುತ್ತಿದ್ದರೆಂದು ಹೇಳಿದರು. ಆದರೆ ಗಂಡನ ತಾಯಿಯನ್ನೂ ತಂದೆಯ ಅಕ್ಕತಂಗಿಯರನ್ನೂ ನಾವು ಹಾಗೆಯೇ ಕರೆಯುವುದರಿಂದ ಇದನ್ನು ಪುರಾವೆಯೆಂದು ಹಿಡಿಯಲಾರೆ. ಮೊದಲು ಶಾಲೆಯ ಪುಸ್ತಕವನ್ನೂ ಆಮೇಲೆ ವಾರಸಾ ಡೈರಿಯನ್ನೂ ನೋಡುತ್ತೇನೆ. ರೋಣ 1997ರಲ್ಲಿ ಗದಗ ಜಿಲ್ಲೆಗೆ ಸೇರಿದ್ದರಿಂದ, ಆ ತಾಲ್ಲೂಕಿನ ಹಳೆಯ ಜನನ ಪುಸ್ತಕಗಳಿಗೆ ರೋಣದಲ್ಲಿ ಅರ್ಜಿ ಕೊಡಬೇಕೋ ಧಾರವಾಡದಲ್ಲಿಯೋ ಎಂಬುದನ್ನು ಅನುಭವ ಇದ್ದವರು ತಿಳಿಸಬೇಕು. ಆ ಕಡೆಯ ಊರುಗಳಿಗೆ ಬರುವ ಹೆಳವರ ಪರಿಚಯ ಯಾರಿಗಾದರೂ ಇದ್ದರೆ, ಈ ಸುಗ್ಗಿಯಲ್ಲಿಯೇ ಹೋಗಿ ಅವರನ್ನು ಕಾಣಲು ನಾನು ಸಿದ್ಧನಿದ್ದೇನೆ.