ಕ್ಲಿನಿಕ್ ಮತ್ತು ಮನೆ ಒಟ್ಟಿಗೆ ಕಟ್ಟಿಸುತ್ತಿದ್ದೇವೆ: ಎಲೆಕ್ಟ್ರಿಕಲ್ ಕನ್ಸಲ್ಟೆಂಟ್, ಲೈಟಿಂಗ್ ಡಿಸೈನರ್ ಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ:

ನಮಸ್ಕಾರ. ಶಿವಮೊಗ್ಗದಲ್ಲಿ 40×60 ಸೈಟಿನಲ್ಲಿ ಕಟ್ಟಿಸುತ್ತಿದ್ದೇವೆ. ಕೆಳಗೆ ಮಗಳ ಹಲ್ಲಿನ ಕ್ಲಿನಿಕ್, ಮೇಲೆ ಎರಡು ಮಹಡಿ ಮನೆ, ಒಂದು ಚಿಕ್ಕ ಲಿಫ್ಟ್. ಪಾಯ ಮುಗಿದಿದೆ, ಪಿಲ್ಲರ್ ಏಳುತ್ತಿವೆ. ಎಲೆಕ್ಟ್ರಿಕಲ್ ಕನ್ಸಲ್ಟೆಂಟ್ ಒಬ್ಬರನ್ನು ಇಟ್ಟುಕೊಳ್ಳಿ, ಆದರೆ ಲೈಟಿಂಗ್ ಡಿಸೈನರ್ ಕೂಡ ಇರಲಿ ಅಂತ ಆರ್ಕಿಟೆಕ್ಟ್ ಹೇಳುತ್ತಾರೆ. ಕಂಟ್ರಾಕ್ಟರ್ ಮಾತ್ರ ಅದೆಲ್ಲ ಸುಮ್ನೆ ಖರ್ಚು, ನಮ್ಮ ವೈರಿಂಗ್ ಹುಡುಗರೇ ಮಾಡುತ್ತಾರೆ ಅನ್ನುತ್ತಾರೆ. ಯಾರ ಮಾತು ಕೇಳಲಿ? ಇವರನ್ನು ಆರಿಸುವುದು ಹೇಗೆ, ದುಡ್ಡು ಹೇಗೆ ಕೊಡುವುದು?

ಮೈಸೂರಿನಿಂದ, ಮನೆ ಮತ್ತು ಆಫೀಸು ಕಟ್ಟಿಸಿದವರು:

ಸರ್, ಮೊದಲ ಮಾತು: ಯಾರನ್ನೇ ಇಟ್ಟುಕೊಳ್ಳಿ, ಮೊದಲ ಸ್ಲ್ಯಾಬ್ ಹಾಕುವ ಮುಂಚೆ ಇಟ್ಟುಕೊಳ್ಳಿ. ಪೈಪು, ಫ್ಯಾನ್ ಬಾಕ್ಸು, ಜಂಕ್ಷನ್ ಬಾಕ್ಸು ಎಲ್ಲ ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟು ಸುರಿಯುವ ಮುಂಚೆ ಹೋಗಬೇಕು. ಆ ಹೊತ್ತಿನಲ್ಲಿ ಸೈಟಿನಲ್ಲಿ ಡ್ರಾಯಿಂಗ್ ಇಲ್ಲ ಅಂದರೆ ವೈರಿಂಗ್ ಹುಡುಗ ತನ್ನ ಅಂದಾಜಿನಲ್ಲಿ ರೂಮಿನ ನಡುವೆ ಒಂದು ಫ್ಯಾನು, ನಾಲ್ಕು ಗೋಡೆಗೆ ನಾಲ್ಕು ಲೈಟು ಅಂತ ಪೈಪು ಎಳೆದುಬಿಡುತ್ತಾನೆ. ಅವನದು ತಪ್ಪಲ್ಲ, ಅವನ ಕೈಗೆ ಯಾರೂ ಕಾಗದ ಕೊಟ್ಟಿರುವುದಿಲ್ಲ. ಆಮೇಲೆ ಹಲ್ಲಿನ ಕುರ್ಚಿ ಎಲ್ಲಿ ಕೂರುತ್ತದೆ, ಅದಕ್ಕೆ ನೆಲದಿಂದ ಕರೆಂಟು, ನೀರು, ಗಾಳಿಯ ಪೈಪು ಎಲ್ಲಿ ಬರಬೇಕು ಅಂತ ಗೊತ್ತಾದಾಗ ನೆಲವನ್ನೇ ಒಡೆಯಬೇಕಾಗುತ್ತದೆ. ಕುರ್ಚಿ ಮಾರುವ ಕಂಪನಿಯವರು ಜೋಡಣೆಯ ನಕ್ಷೆ ಕೊಡುತ್ತಾರೆ, ಅದನ್ನು ಈಗಲೇ ತರಿಸಿಕೊಂಡು ಕನ್ಸಲ್ಟೆಂಟ್ ಕೈಗೆ ಕೊಡಿ.

ಹುಬ್ಬಳ್ಳಿಯಿಂದ, ಎಲೆಕ್ಟ್ರಿಕಲ್ ಕನ್ಸಲ್ಟೆಂಟ್:

ಇದೇ ನನ್ನ ಕೆಲಸ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಇಲ್ಲಿ ಮೂರು ಬೇರೆ ಬೇರೆ ಜನ ಇದ್ದಾರೆ. ಒಬ್ಬರು ಲೆಕ್ಕ ಹಾಕಿ ಡ್ರಾಯಿಂಗ್ ಕೊಡುವವರು, ಅವರು ಕನ್ಸಲ್ಟೆಂಟ್. ಇನ್ನೊಬ್ಬರು ಕೆಲಸ ಮಾಡುವವರು, ಅವರು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್. ಮೂರನೆಯವರು ಲೈಟು, ಸ್ವಿಚ್ಚು ಮಾರುವವರು. ಮೂವರೂ ಒಬ್ಬರೇ ಆದರೆ ತಪ್ಪನ್ನು ಹಿಡಿಯುವವರು ಯಾರೂ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಕನ್ಸಲ್ಟೆಂಟ್ ಫೀಸು ಕೊಡುವುದಕ್ಕೆ ಮುಖ್ಯ ಕಾರಣವೇ ಅದು, ಕೆಲಸ ಮಾಡುವವರನ್ನು ಬಿಟ್ಟು ಬೇರೆ ಒಂದು ಕಣ್ಣು ನೋಡಲಿ ಅಂತ.

ಬರೀ ಎರಡು ಬೆಡ್‌ರೂಮಿನ ಮನೆ ಆಗಿದ್ದರೆ ಒಳ್ಳೆಯ ಲೈಸೆನ್ಸ್ ಕಂಟ್ರಾಕ್ಟರ್ ಸಾಕು ಅನ್ನುತ್ತಿದ್ದೆ. ನಿಮ್ಮದು ಹಾಗಲ್ಲ. ಕ್ಲಿನಿಕ್‌ಗೆ ವಾಣಿಜ್ಯ ದರದ ಬೇರೆ ಮೀಟರ್ ಬೇಕು. ಉಪಕರಣಗಳನ್ನು ಆವಿಯಲ್ಲಿ ಶುದ್ಧಿ ಮಾಡುವ ಆಟೋಕ್ಲೇವ್ ಒಂದೇ ಸುಮಾರು 2 ಕಿಲೋವ್ಯಾಟ್ ಎಳೆಯುತ್ತದೆ, ಜೊತೆಗೆ ಕಂಪ್ರೆಸರ್, ಸಕ್ಷನ್ ಮೋಟರ್, ಎಕ್ಸ್‌ರೇ, ಎಸಿ. ಮೇಲೆ ಗೀಸರ್‌ಗಳು, ಇಂಡಕ್ಷನ್ ಒಲೆ, ಬೋರ್ ಮೋಟರ್. ನಾಳೆ ಕಾರಿನ ಚಾರ್ಜರ್ ಬಂದರೆ ಅದೊಂದಕ್ಕೇ 7 ಕಿಲೋವ್ಯಾಟ್ ಬೇಕಾಗಬಹುದು, ಅದಕ್ಕೆ ಪ್ರತ್ಯೇಕ ದಪ್ಪ ವೈರು ಈಗಲೇ ಎಳೆದಿಡಬೇಕು. ಎಲ್ಲವನ್ನೂ ಕೂಡಿಸಿದರೆ ದೊಡ್ಡ ಸಂಖ್ಯೆ ಬರುತ್ತದೆ, ಆದರೆ ಎಲ್ಲವೂ ಒಟ್ಟಿಗೆ ನಡೆಯುವುದಿಲ್ಲ ಅಲ್ವಾ? ಒಂದೇ ಹೊತ್ತಿಗೆ ನಿಜವಾಗಿ ಎಷ್ಟು ಬೇಕಾಗುತ್ತದೆ ಅಂತ ತೂಗಿ ನೋಡುವುದೇ ಲೋಡ್ ಲೆಕ್ಕ. ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೂ ತಿಂಗಳು ತಿಂಗಳು ನಿಗದಿತ ಶುಲ್ಕ ಇರುತ್ತದೆ, ಆದ್ದರಿಂದ ಸುಮ್ನೆ ಜಾಸ್ತಿ ಬರೆಸಿದರೂ ನಷ್ಟ. ಕಡಿಮೆ ಬರೆಸಿದರೆ ಆಮೇಲೆ ದಂಡ, ಮತ್ತೆ ಅರ್ಜಿ. ಲೋಡು ಒಂದು ಮಿತಿ ದಾಟಿದರೆ ಟ್ರಾನ್ಸ್‌ಫಾರ್ಮರ್‌ಗೆ ನಿಮ್ಮ ಸೈಟಿನಲ್ಲೇ ಜಾಗ ಬಿಡಿ ಅನ್ನುತ್ತಾರೆ. ಈಗಿನ ಮಿತಿ ಎಷ್ಟು ಅಂತ ನಿಮ್ಮ ಮೆಸ್ಕಾಂ ಉಪವಿಭಾಗದಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಲಿಫ್ಟಿಗೆ ಹಾಕುವ ಅನುಮತಿ, ನಡೆಸುವ ಲೈಸೆನ್ಸ್ ಎರಡೂ ವಿದ್ಯುತ್ ಪರಿವೀಕ್ಷಣಾಲಯದಿಂದ ಬರಬೇಕು. ಆ ಓಡಾಟ ಯಾರದು ಅಂತ ಮೊದಲೇ ಮಾತಾಡಿ.

ಕನ್ಸಲ್ಟೆಂಟ್‌ರಿಂದ ನಿಮ್ಮ ಕೈಗೆ ಬರಬೇಕಾದ ಕಾಗದ ಹೀಗಿದೆ. ಲೋಡ್ ಲೆಕ್ಕ. ಮೀಟರ್‌ನಿಂದ ಕೊನೆಯ ಎಂಸಿಬಿವರೆಗಿನ (ಲೋಡು ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು) ಸಿಂಗಲ್ ಲೈನ್ ಡಯಾಗ್ರಾಮ್, ಅಂದರೆ ಕರೆಂಟು ಹೋಗುವ ದಾರಿಯನ್ನು ಒಂಟಿ ಗೆರೆಯಲ್ಲಿ ತೋರಿಸುವ ನಕ್ಷೆ. ಪ್ರತಿ ಸ್ಲ್ಯಾಬಿನ ಪೈಪ್ ಡ್ರಾಯಿಂಗ್. ಯಾವ ಡಿಬಿಯಲ್ಲಿ (ಎಂಸಿಬಿಗಳು ಕೂರುವ ಪೆಟ್ಟಿಗೆ) ಯಾವ ಸರ್ಕ್ಯೂಟು, ಯಾವ ಅಳತೆಯ ವೈರು ಅನ್ನುವ ಪಟ್ಟಿ. ಅರ್ತಿಂಗ್ ವಿವರ. ಸಾಮಾನಿನ ಪಟ್ಟಿ ಅಳತೆ ಸಮೇತ. ಕೊನೆಗೆ, ಕೆಲಸ ಹೇಗೆ ನಡೆಯಿತೋ ಹಾಗೆ ತಿದ್ದಿದ ಡ್ರಾಯಿಂಗ್. ಈ ಕೊನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಹತ್ತು ವರ್ಷ ಆದ ಮೇಲೆ ಗೋಡೆಗೆ ಮೊಳೆ ಹೊಡೆಯುವಾಗ ಅದರ ಬೆಲೆ ಗೊತ್ತಾಗುತ್ತದೆ.

ಅವರನ್ನು ಪರೀಕ್ಷಿಸಬೇಕು ಅಂದರೆ ಹಳೆಯ ಒಂದು ಕೆಲಸದ ಸಿಂಗಲ್ ಲೈನ್ ಡಯಾಗ್ರಾಮ್ ತೋರಿಸಿ ಅನ್ನಿ, ಮಾಲೀಕರ ಹೆಸರು ಮುಚ್ಚಿದರೂ ಪರವಾಗಿಲ್ಲ. ಆಮೇಲೆ ಒಂದು ಪ್ರಶ್ನೆ ಕೇಳಿ: ತ್ರೀ ಫೇಸ್‌ನಲ್ಲಿ ನ್ಯೂಟ್ರಲ್, ಅಂದರೆ ಕರೆಂಟು ವಾಪಸ್ ಹೋಗುವ ವೈರು, ಕಿತ್ತರೆ ಏನಾಗುತ್ತದೆ, ನೀವು ಅದಕ್ಕೆ ಏನು ಹಾಕುತ್ತೀರಿ? ನ್ಯೂಟ್ರಲ್ ಹೋದಾಗ 230 ವೋಲ್ಟ್ ಇರಬೇಕಾದ ಕಡೆ ಕಡಿಮೆ ಲೋಡಿನ ಫೇಸ್ 400ರ ಕಡೆ ಏರುತ್ತದೆ. ಟಿವಿ, ಫ್ರಿಜ್ಜು, ನಿಮ್ಮ ಮಗಳ ಕ್ಲಿನಿಕ್ಕಿನ ಎಲೆಕ್ಟ್ರಾನಿಕ್ ಬೋರ್ಡು ಎಲ್ಲ ಒಂದೇ ಸಲ ಹೋಗುತ್ತವೆ. ಓವರ್ ವೋಲ್ಟೇಜ್ ಬಂದಾಗ ಲೈನ್ ಕತ್ತರಿಸುವ ರಕ್ಷಣೆಯ ಬಗ್ಗೆ ಅವರು ತಾವಾಗಿ ಮಾತಾಡಿದರೆ ಮನುಷ್ಯ ಕೆಲಸ ಬಲ್ಲವರು ಅಂತ ತಿಳಿಯಿರಿ. ಸ್ಟೆಬಿಲೈಜರ್ ಹಾಕಿ ಸಾಕು ಅಂದರೆ ಇನ್ನೊಬ್ಬರನ್ನು ನೋಡಿ.

ಉಡುಪಿಯಿಂದ:

ಹಿಂದಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕಡೆ ಮತ್ತು ನಿಮ್ಮ ಮಲೆನಾಡಿನ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಿಮಗೇ ಗೊತ್ತು. ಸಿಡಿಲಿನಿಂದ ಲೈನಿನಲ್ಲಿ ದಿಢೀರ್ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಷನ್, ಅಂದರೆ ಎಸ್‌ಪಿಡಿ, ಮುಖ್ಯ ಡಿಬಿಯಲ್ಲಿ ಬೇಕೇ ಬೇಕು. ಆದರೆ ಅರ್ತಿಂಗ್ ಸರಿ ಇಲ್ಲದೆ ಎಸ್‌ಪಿಡಿ ಹಾಕಿದರೆ ಏನೂ ಪ್ರಯೋಜನವಿಲ್ಲ. ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಒಣಗಿದಾಗ ಅರ್ತ್ ರೆಸಿಸ್ಟೆನ್ಸ್ ತುಂಬಾ ಏರುತ್ತದೆ, ಅಂದರೆ ಕರೆಂಟು ನೆಲಕ್ಕೆ ಸರಿಯಾಗಿ ಇಳಿಯುವುದಿಲ್ಲ. ಮಳೆಗಾಲದಲ್ಲಿ ಅಳೆದು ಚೆನ್ನಾಗಿದೆ ಅಂತ ಬರೆದುಕೊಟ್ಟರೆ ನಂಬಬೇಡಿ, ಬೇಸಿಗೆಯಲ್ಲಿ ಅಳೆಸಿ. ನಮ್ಮ ಮನೆಗೆ ಬಂದ ಒಬ್ಬ ಕಂಟ್ರಾಕ್ಟರ್ ಅರ್ತ್ ಗುಂಡಿಯನ್ನು ಕಾಂಪೌಂಡಿನ ಮೂಲೆಯಲ್ಲಿ ತೋಡಿ, ಮೇಲೆ ಇಂಟರ್‌ಲಾಕ್ ಹಾಸಿ ಮುಚ್ಚಿಬಿಟ್ಟಿದ್ದರು. ಪರೀಕ್ಷೆ ಮಾಡಲು ಮುಚ್ಚಳವೇ ಇರಲಿಲ್ಲ. ಗುಂಡಿಗೆ ತೆಗೆಯಬಹುದಾದ ಮುಚ್ಚಳ ಇರಬೇಕು, ಅದು ಡ್ರಾಯಿಂಗಿನಲ್ಲಿ ಗುರುತಾಗಿರಬೇಕು.

ಬೆಂಗಳೂರಿನಿಂದ, ಲೈಟಿಂಗ್ ಡಿಸೈನ್ ಮಾಡುವವರು:

ಲೈಟಿಂಗ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ ಸರ್.

ಅಂಗಡಿಯವರು ಡಿಸೈನ್ ಫ್ರೀ ಅನ್ನುತ್ತಾರೆ. ಅದರ ಖರ್ಚು ನೀವು ಕೊಳ್ಳುವ ಲೈಟಿನ ಬೆಲೆಯೊಳಗೆ ಇದೆ, ಆದ್ದರಿಂದ ಲೈಟುಗಳ ಸಂಖ್ಯೆ ಜಾಸ್ತಿ ಆಗುತ್ತದೆ. ನೀವೇ ಲೆಕ್ಕ ಹಾಕಿ ನೋಡಿ. 14×18 ಅಡಿ ಹಾಲ್ ಅಂದರೆ ಸುಮಾರು 23 ಚದರ ಮೀಟರ್. ಕೂತು ಮಾತಾಡುವ ಕೋಣೆಗೆ 150 ಲಕ್ಸ್ ಸಾಕು (ಲ್ಯೂಮೆನ್ ಅಂದರೆ ಲೈಟು ಕೊಡುವ ಒಟ್ಟು ಬೆಳಕು, ಲಕ್ಸ್ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಬೀಳುವ ಲ್ಯೂಮೆನ್). 23ನ್ನು 150ರಿಂದ ಗುಣಿಸಿದರೆ ಸುಮಾರು 3500 ಲ್ಯೂಮೆನ್. ಗೋಡೆಗೆ ಹೀರಿಹೋಗುವುದು, ಧೂಳು, ಹಳತಾಗುವುದು ಎಲ್ಲ ಸೇರಿ ಅರ್ಧ ನಷ್ಟ ಅಂತ ಇಟ್ಟುಕೊಂಡರೆ 7000 ಲ್ಯೂಮೆನ್ ಬೇಕು. 9 ವ್ಯಾಟಿನ ಒಳ್ಳೆಯ ಡೌನ್‌ಲೈಟ್ 800ರಿಂದ 900 ಲ್ಯೂಮೆನ್ ಕೊಡುತ್ತದೆ. ಎಂಟು ಲೈಟು. ಅದೇ ಅಳತೆಯ ಹಾಲಿಗೆ ಇಪ್ಪತ್ತಕ್ಕೂ ಜಾಸ್ತಿ ಲೈಟು, ಮೇಲೆ ಸುತ್ತಲೂ ಸ್ಟ್ರಿಪ್ಪು ಹಾಕಿದ ಫ್ರೀ ಪ್ಲಾನ್‌ಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮನೆಯಲ್ಲಿ ವಯಸ್ಸಾದವರು ಇದ್ದರೆ ಲೆಕ್ಕ ಬದಲಾಗುತ್ತದೆ. ಅರವತ್ತು ದಾಟಿದ ಕಣ್ಣಿಗೆ ಇಪ್ಪತ್ತರ ಕಣ್ಣಿಗಿಂತ ಎರಡು ಮೂರು ಪಟ್ಟು ಬೆಳಕು ಬೇಕು, ಆದರೆ ಕಣ್ಣಿಗೆ ನೇರವಾಗಿ ಚುಚ್ಚುವ ಬೆಳಕು ಅವರಿಗೆ ಇನ್ನೂ ಕಷ್ಟ. ಮೆಟ್ಟಿಲು, ಬಚ್ಚಲುಮನೆ, ಔಷಧಿ ಇಡುವ ಜಾಗ, ದೇವರ ಮನೆಯಲ್ಲಿ ಪುಸ್ತಕ ಓದುವ ಜಾಗ, ಇಲ್ಲೆಲ್ಲ ಬೇರೆಯಾಗಿ ಯೋಚಿಸಬೇಕು. ಚಾವಣಿಯಲ್ಲಿ ಸಾಲಾಗಿ ತೂತು ಕೊರೆದರೆ ಇದು ಆಗುವುದಿಲ್ಲ.

ಈಗ ಕ್ಲಿನಿಕ್. ಇಲ್ಲಿ ಮಾತ್ರ ಡಿಸೈನರ್ ಬೇಡ ಅನ್ನಬೇಡಿ. ಹಲ್ಲಿನ ಬಣ್ಣ ಹೊಂದಿಸಿ ಕ್ಯಾಪ್ ಮಾಡುವ ಕೆಲಸ ಇದೆ. ಲೈಟಿನ ಬಣ್ಣ ತೋರಿಸುವ ಗುಣ, ಅಂದರೆ ಸಿಆರ್‌ಐ, 90ಕ್ಕಿಂತ ಮೇಲೆ ಇರಬೇಕು, ಬಣ್ಣ ಹಗಲಿನ ಬೆಳಕಿಗೆ ಹತ್ತಿರ, ಸುಮಾರು 5500 ಕೆಲ್ವಿನ್. ಸಿಆರ್‌ಐ 80ರ ಅಗ್ಗದ ಪ್ಯಾನಲ್ ಕೆಳಗೆ ಸರಿ ಕಂಡ ಹಲ್ಲು ಬಿಸಿಲಿಗೆ ಹೋದಾಗ ಬೇರೆ ಕಾಣುತ್ತದೆ. ಯುರೋಪಿನ ಇಎನ್ 12464-1 ಮಾನದಂಡದಲ್ಲಿ ದಂತ ಚಿಕಿತ್ಸೆಯ ಕೋಣೆಗೆ 500 ಲಕ್ಸ್, ರೋಗಿಯ ಜಾಗದಲ್ಲಿ 1000, ಬಾಯಿಯೊಳಗೆ 5000 ಅಂತ ಇದೆ. ಬಾಯಿಯೊಳಗಿನದು ಕುರ್ಚಿಯ ದೀಪದಿಂದ ಬರುತ್ತದೆ, ಉಳಿದದ್ದು ಚಾವಣಿಯದು. ಸುತ್ತಲೂ ಕತ್ತಲಿದ್ದು ಬಾಯಿ ಮಾತ್ರ ಬೆಳಗಿದರೆ ಡಾಕ್ಟರ ಕಣ್ಣು ಇಡೀ ದಿನ ದಣಿಯುತ್ತದೆ. ಮತ್ತೆ, ರೋಗಿ ಮಲಗಿಕೊಂಡು ಮೇಲೆ ನೋಡುತ್ತಾರೆ! ಕುರ್ಚಿಯ ನೇರಕ್ಕೆ ಡೌನ್‌ಲೈಟ್ ಇಟ್ಟರೆ ಅವರ ಕಣ್ಣಿಗೇ ಹೊಡೆಯುತ್ತದೆ. ಇದನ್ನು ನಕ್ಷೆಯಲ್ಲೇ ಯೋಚಿಸಬೇಕು.

ಡಯಾಲಕ್ಸ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ನೀವು ಕೇಳಿದರೆ ಡಿಸೈನರ್ ಅದರಲ್ಲಿ ಲೆಕ್ಕ ಮಾಡಿ ಯಾವ ಜಾಗದಲ್ಲಿ ಎಷ್ಟು ಲಕ್ಸ್ ಅನ್ನುವ ವರದಿ ಕೊಡಬಲ್ಲರು. ಬಣ್ಣಬಣ್ಣದ ತ್ರೀಡಿ ಚಿತ್ರ ಬೇಡ, ಆ ವರದಿ ಕೇಳಿ. ಒಂದೇ ಕಂಪನಿಯ ಮಾಲು ಬರೆಯದೆ ಎರಡು ಮೂರು ಆಯ್ಕೆ ಬರೆಯಿರಿ ಅನ್ನಿ. ಡ್ರೈವರ್, ಅಂದರೆ ಎಲ್‌ಇಡಿಗೆ ಸರಿಯಾದ ಕರೆಂಟು ಕೊಡುವ ಚಿಕ್ಕ ಪೆಟ್ಟಿಗೆ, ಎಲ್ಲಿ ಕೂರುತ್ತದೆ ಅಂತಲೂ ಕೇಳಿ, ಯಾಕೆಂದರೆ ಎಲ್‌ಇಡಿಯಲ್ಲಿ ಮೊದಲು ಕೆಡುವುದು ಸಾಮಾನ್ಯವಾಗಿ ಡ್ರೈವರ್, ಅದನ್ನು ಜಿಪ್ಸಮ್ ಸೀಲಿಂಗಿನ ಒಳಗೆ ಹೂತು ಹಾಕಿದರೆ ಸೀಲಿಂಗ್ ಒಡೆಯಬೇಕು.

ತುಮಕೂರಿನಿಂದ:

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಮನೆಯ ಭಾಗಕ್ಕೆ ಪೂರ್ತಿ ಲೈಟಿಂಗ್ ಡಿಸೈನ್ ಬೇಡ. ನಾವು ಡಿಸೈನರ್ ಒಬ್ಬರಿಗೆ ಪ್ಲಾನ್ ಕೊಟ್ಟು, ಗಂಟೆಯ ಲೆಕ್ಕದಲ್ಲಿ ಫೀಸು ಕೊಟ್ಟು ಸಲಹೆ ತೆಗೆದುಕೊಂಡೆವು. ಹಾಲು, ಅಡುಗೆಮನೆ, ಮೆಟ್ಟಿಲು ಇಷ್ಟಕ್ಕೆ ಗುರುತು ಹಾಕಿಕೊಟ್ಟರು. ಬೆಡ್‌ರೂಮಿಗೆ ಒಂದು ಟ್ಯೂಬು, ಎರಡು ಗೋಡೆ ದೀಪ, ಯಾರಾದರೂ ಹಾಕಬಹುದು. ದುಡ್ಡು ಮಿತಿಯಲ್ಲಿದ್ದರೆ ಎಲೆಕ್ಟ್ರಿಕಲ್ ಕನ್ಸಲ್ಟೆಂಟ್‌ಗೆ ಪೂರ್ತಿ ಕೊಡಿ, ಲೈಟಿಂಗ್‌ನವರನ್ನು ಕ್ಲಿನಿಕ್‌ಗೆ ಮಾತ್ರ ಇಟ್ಟುಕೊಳ್ಳಿ.

ಬೆಂಗಳೂರಿನವರು ಮತ್ತೆ:

ಒಪ್ಪುತ್ತೇನೆ. ಆ ಗುರುತು ಹಾಕಿದ ಕಾಗದ ಮಾತ್ರ ಸ್ಲ್ಯಾಬ್ ಮುಂಚೆ ಎಲೆಕ್ಟ್ರಿಕಲ್‌ನವರ ಕೈ ಸೇರಬೇಕು. ಇಬ್ಬರೂ ಒಂದು ಸಲ ಕೂತು ಮಾತಾಡುವ ಹಾಗೆ ನೀವೇ ಮಾಡಿಸಿ. ಡಿಮ್ಮರ್ ಬೇಕು ಅಂತ ಒಬ್ಬರು ಬರೆದು, ಡಿಮ್ ಆಗದ ಡ್ರೈವರ್ ಇನ್ನೊಬ್ಬರು ತರಿಸಿದರೆ ಲೈಟು ಮಿನುಗುತ್ತಾ ಇರುತ್ತದೆ, ಆಮೇಲೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಮಗಳಿಗೂ ಓದಿಸಿದೆ, ಹಲ್ಲಿನ ಬಣ್ಣದ ಮಾತು ಕಾಲೇಜಿನಲ್ಲೂ ಹೇಳುತ್ತಿದ್ದರು ಅಂದಳು. ಫೀಸಿನ ಬಗ್ಗೆ ಹೇಳಿ. ಒಬ್ಬರು ಚದರಡಿ ಲೆಕ್ಕ ಹೇಳಿದರು, ಇನ್ನೊಬ್ಬರು ಎಲೆಕ್ಟ್ರಿಕಲ್ ಖರ್ಚಿನ ಮೇಲೆ ಶೇಕಡಾವಾರು ಅಂದರು.

ಹುಬ್ಬಳ್ಳಿಯ ಕನ್ಸಲ್ಟೆಂಟ್:

ಎರಡೂ ನಡೆಯುತ್ತದೆ. ಆದರೆ ಶೇಕಡಾವಾರು ಅಂದರೆ ಖರ್ಚು ಏರಿದಷ್ಟೂ ಅವರ ಫೀಸು ಏರುತ್ತದೆ. ನಿಮ್ಮಂಥ ಕಟ್ಟಡಕ್ಕೆ ಇಷ್ಟು ಅಂತ ಒಂದು ಮೊತ್ತ ಮಾತಾಡಿಕೊಳ್ಳುವುದು ವಾಸಿ. ಕಂತು ಹೀಗಿಡಿ: ಶುರುವಿಗೆ ಸ್ವಲ್ಪ, ಲೋಡ್ ಲೆಕ್ಕ ಮತ್ತು ಮೊದಲ ಸ್ಲ್ಯಾಬಿನ ಡ್ರಾಯಿಂಗ್ ಕೈಗೆ ಬಂದಾಗ ಸ್ವಲ್ಪ, ಪೂರ್ತಿ ಡ್ರಾಯಿಂಗಿಗೆ ಸ್ವಲ್ಪ, ಉಳಿದದ್ದು ಪರೀಕ್ಷೆ ಮುಗಿದು ತಿದ್ದಿದ ಡ್ರಾಯಿಂಗ್ ಕೊಟ್ಟಾಗ. ಸೈಟಿಗೆ ಎಷ್ಟು ಸಲ ಬರುತ್ತಾರೆ ಅನ್ನುವುದನ್ನು ಬರೆಸಿ. ಪ್ರತಿ ಸ್ಲ್ಯಾಬ್ ಕಾಂಕ್ರೀಟಿನ ಮುಂಚೆ ಒಂದು ಸಲ ಬರಲೇಬೇಕು. ಬಾಯಿ ಮಾತಿಗಿಂತ ಒಂದು ಪುಟದ ಕಾಗದ ಇಬ್ಬರಿಗೂ ಒಳ್ಳೆಯದು.

ಮತ್ತೆ ಕಂಟ್ರಾಕ್ಟರ್ ಲೈಸೆನ್ಸನ್ನು ನೀವೇ ನೋಡಿ, ಅವಧಿ ಮುಗಿದಿದೆಯಾ, ಯಾವ ದರ್ಜೆಯದು ಅಂತ. ಬೇರೆಯವರ ಲೈಸೆನ್ಸಿನ ಮೇಲೆ ಸಹಿ ಹಾಕಿಸಿ ಕೆಲಸ ಇನ್ಯಾರೋ ಮಾಡುವುದು ಇದೆ. ಸೈಟಿನಲ್ಲಿ ನಿಲ್ಲುವವರು ಯಾರು ಅಂತ ಕೇಳಿ, ಅವರ ಪರ್ಮಿಟ್ ನೋಡಿ.

ದಾವಣಗೆರೆಯಿಂದ, ಲೈಸೆನ್ಸ್ ಕಂಟ್ರಾಕ್ಟರ್:

ನಮ್ಮ ಕಡೆಯ ಮಾತೂ ಇರಲಿ. ಡ್ರಾಯಿಂಗ್ ಇರುವ ಸೈಟಿನಲ್ಲಿ ಕೆಲಸ ಮಾಡುವುದು ನಮಗೇ ಸುಲಭ. ಒಂದೊಂದು ಲೈಟು, ಫ್ಯಾನು, ಸಾಕೆಟ್ಟಿಗೆ ಇಷ್ಟು ಅಂತ ಕೊಡುವ ಪಾಯಿಂಟ್ ಲೆಕ್ಕದಲ್ಲಿ ಜಗಳ ಬರುವುದಿಲ್ಲ. ಪಾಯಿಂಟ್ ಅಂದರೆ ಏನು ಅನ್ನುವುದನ್ನು ಮಾತ್ರ ಮೊದಲೇ ಬರೆದುಕೊಳ್ಳಿ: ಟೂ ವೇ ಸ್ವಿಚ್ಚು (ಒಂದೇ ಲೈಟನ್ನು ಎರಡು ಕಡೆಯಿಂದ ಹಚ್ಚುವುದು) ಒಂದಾ ಎರಡಾ, ಗೋಡೆ ಕೊರೆದು ಮುಚ್ಚುವ ಗಾರೆ ಕೆಲಸ ಯಾರದು, ಸಾಮಾನು ಯಾರದು. ಸಾಮಾನು ನೀವೇ ತಂದರೆ ಐಎಸ್‌ಐ ಗುರುತು, ವೈರಿನ ಅಳತೆ, ಬಿಲ್ಲು ಮೂರೂ ನೋಡಿ ತನ್ನಿ.

ಕೆಲಸ ಮುಗಿದ ಮೇಲೆ ನಮ್ಮಿಂದ ಇಷ್ಟು ಮಾಡಿಸಿಕೊಂಡೇ ಕೊನೆಯ ಕಂತು ಕೊಡಿ. ಮೆಗ್ಗರ್ ಅನ್ನುವ ಅಳತೆಯ ಯಂತ್ರ ಹಾಕಿ ಪ್ರತಿ ಸರ್ಕ್ಯೂಟ್ ಇನ್ಸುಲೇಷನ್, ಅಂದರೆ ಕರೆಂಟು ಸೋರದಂತೆ ತಡೆಯುವ ವೈರಿನ ಹೊದಿಕೆ, ಎಷ್ಟು ಗಟ್ಟಿ ಅಂತ ಅಳೆಯಬೇಕು, 1 ಮೆಗಾ ಓಮ್‌ಗಿಂತ ಕಡಿಮೆ ಬರಬಾರದು, ಹೊಸ ವೈರಿಂಗಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಪ್ರತಿ ಸಾಕೆಟ್ಟಿನಲ್ಲಿ ಅರ್ತ್ ಬಂದಿದೆಯಾ ನೋಡಬೇಕು. ಬಚ್ಚಲುಮನೆ, ಅಡುಗೆಮನೆ, ಕ್ಲಿನಿಕ್ ಸಾಕೆಟ್ಟುಗಳಿಗೆ ಕರೆಂಟು ಸೋರಿದರೆ ತಕ್ಷಣ ಲೈನ್ ಕತ್ತರಿಸುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರಬೇಕು. ಅದರ ಟೆಸ್ಟ್ ಗುಂಡಿ ಒತ್ತಿ ಬಿದ್ದರೆ ಆರ್‌ಸಿಸಿಬಿಯ ಒಳಗಿನ ಯಂತ್ರ ಸರಿ ಇದೆ ಅಂತ ಮಾತ್ರ ಅರ್ಥ, ನಿಮ್ಮ ಅರ್ತ್ ವೈರ್ ಸರಿ ಇದೆ ಅಂತ ಅಲ್ಲ. ಆದ್ದರಿಂದ ಸಾಕೆಟ್ಟಿಗೆ ಆರ್‌ಸಿಸಿಬಿ ಟೆಸ್ಟರ್ ಹಾಕಿ ಅದನ್ನು ಬೀಳಿಸಿ ತೋರಿಸಿ ಅನ್ನಿ. ಅಳತೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಡಲಿ. ಆ ಹಾಳೆಯ ಒಂದು ಜೆರಾಕ್ಸನ್ನು ಡಿಬಿ ಬಾಗಿಲಿನ ಒಳಗೆ ಅಂಟಿಸಿಡಿ, ಮುಂದೆ ರಿಪೇರಿಗೆ ಯಾರೇ ಬಂದರೂ ಮೊದಲು ಅದನ್ನೇ ನೋಡುತ್ತಾರೆ.